ಐದು ವರ್ಷಕ್ಕೆ ಅಂಗೈ ಅಗಲ: ಕಾರವಾರ, ಶಿರಸಿಯ ಹವೆಯಲ್ಲಿ ಜೀಬ್ರಾ ಹಾವರ್ಥಿಯಾ ಬೆಳೆಸುವ ಸಮಗ್ರ ಮಾರ್ಗದರ್ಶಿ

ಶಿರಸಿಯಿಂದ ಬಂದ ಅಕ್ಕ ಕೈಕಾಲು ತೊಳೆದವಳೇ ಕಿಟಕಿ ಹತ್ತಿರ ಹೋಗಿ ನಿಂತಳು. ಕುಂಡದಲ್ಲಿದ್ದ ಗಿಡದ ಎಲೆಯನ್ನು ಉಗುರಿನಿಂದ ಟಕ್ ಟಕ್ ಅಂತ ತಟ್ಟಿ, "ಇದೆಂತಾ ಮಾರಾಯ್ತಿ, ಹೋದ ವರ್ಷ ಬಂದಾಗ್ಲೂ ಇಷ್ಟೇ ಇತ್ತು. ಪ್ಲಾಸ್ಟಿಕ್ಕಾ?" ಅಂದಳು.

ಪ್ಲಾಸ್ಟಿಕ್ ಅಲ್ಲ. ಜೀಬ್ರಾ ಹಾವರ್ಥಿಯಾ. ಕಡು ಹಸಿರು ಎಲೆ, ಅದರ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದ ಹಾಗೆ ಬಿಳಿ ಪಟ್ಟಿ. 2019ರ ನವೆಂಬರ್‌ನಲ್ಲಿ ಕಾರವಾರದ ಮನೆಗೆ ತಂದಾಗ ಅಡ್ಡಳತೆ 5 ಸೆಂ.ಮೀ. ಇತ್ತು. 2024ರ ನವೆಂಬರ್‌ನಲ್ಲಿ ಸ್ಕೇಲ್ ಹಿಡಿದಾಗ 11 ಸೆಂ.ಮೀ. ಐದು ವರ್ಷಕ್ಕೆ ಆರು ಸೆಂ.ಮೀ. ಅಕ್ಕನ ಅಂಗಳದ ದಾಸವಾಳ ಅಷ್ಟನ್ನು ಒಂದು ವಾರದಲ್ಲಿ ಬೆಳೆಯುತ್ತದೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಈ ಗಿಡವನ್ನು ಬೇಗ ದೊಡ್ಡದು ಮಾಡುವ ಉಪಾಯ ನನ್ನ ಹತ್ತಿರ ಇಲ್ಲ. ನಾಲ್ಕೇ ತಿಂಗಳಲ್ಲಿ ಎದ್ದು ನಿಂತ ಹಾವರ್ಥಿಯಾ ಕಂಡರೆ ಖುಷಿಪಡಬೇಡಿ. ಅದಕ್ಕೆ ಬೆಳಕು ಸಾಲುತ್ತಿಲ್ಲ. ನಮ್ಮ ಕಡೆ ಮಾಡಬೇಕಾದ ಕೆಲಸ ಗಿಡವನ್ನು ಬೆಳೆಸೋದಕ್ಕಿಂತ ಜಾಸ್ತಿ, ಅದನ್ನು ಮಳೆಗಾಲ ದಾಟಿಸೋದು. ದಾಟಿಸಿದರೆ ಬೆಳೆಯುವ ಕೆಲಸ ಅದೇ ನೋಡಿಕೊಳ್ಳುತ್ತದೆ.

ಹಂತ 1: ನಿಮ್ಮ ಹತ್ತಿರ ಇರೋದು ಯಾವುದು?

ಸಂತೆಯಲ್ಲಿ, ಜಾತ್ರೆಯಲ್ಲಿ ಗಿಡ ಮಾರುವವರು ಎಲ್ಲಕ್ಕೂ 'ಸಕ್ಯುಲೆಂಟ್' (ದಪ್ಪ ಎಲೆಯಲ್ಲಿ ನೀರು ಹಿಡಿದಿಡುವ ಗಿಡ) ಅಂತಲೇ ಹೇಳುತ್ತಾರೆ. ಕೆಲವರು 'ಮಿನಿ ಲೋಳೆಸರ' ಅಂತಲೂ ಕೊಟ್ಟದ್ದುಂಟು. ಅದು ಪೂರ್ತಿ ಸುಳ್ಳಲ್ಲ, ಹಾವರ್ಥಿಯಾ ಮತ್ತು ಲೋಳೆಸರ ಒಂದೇ ಕುಟುಂಬದವು. ಆದರೆ ಲೋಳೆಸರ ಆಗುವಷ್ಟು ದೊಡ್ಡದು ಇದು ಯಾವ ಕಾಲಕ್ಕೂ ಆಗೋದಿಲ್ಲ.

ಜೀಬ್ರಾದಲ್ಲಿ ಒಂದೇ ಥರ ಕಾಣುವ ಎರಡು ಇವೆ. ಎಲೆಯ ಒಳಮೈ, ಅಂದರೆ ಗಿಡದ ನಡುವಿನ ಕಡೆಗೆ ಮುಖ ಮಾಡಿದ ಮೈ, ಅದನ್ನು ಬೆರಳಿನಿಂದ ಸವರಿ ನೋಡಿ. ನುಣ್ಣಗಿದ್ದರೆ ಅದು ಫ್ಯಾಸಿಯಾಟಾ. ಅಲ್ಲೂ ಸಣ್ಣ ಬಿಳಿ ಗುಳ್ಳೆ ಕೈಗೆ ತಾಗಿದರೆ ಅಟೆನುವಾಟಾ. ಅಂಗಡಿಯಲ್ಲಿ ಫ್ಯಾಸಿಯಾಟಾ ಅಂತ ಚೀಟಿ ಅಂಟಿಸಿದ್ದರೂ ಒಳಗಿರೋದು ಸಾಮಾನ್ಯವಾಗಿ ಅಟೆನುವಾಟಾನೇ. ಸಾಕುವ ಕ್ರಮದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ತಲೆ ಕೆಡಿಸಿಕೊಳ್ಳಬೇಡಿ.

ಹಾವರ್ಥಿಯಾ ಅನ್ನೋ ಹೆಸರು ಬಂದದ್ದು ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಏಡ್ರಿಯನ್ ಹಾರ್ಡಿ ಹಾವರ್ತ್ ಅವರಿಂದ. 2013ರಲ್ಲಿ ಗಟ್ಟಿ ಎಲೆಯ ಜಾತಿಗಳನ್ನು ಬೇರೆ ಮಾಡಿ ಹಾವರ್ಥಿಯಾಪ್ಸಿಸ್ ಅಂತ ಹೊಸ ಹೆಸರು ಕೊಟ್ಟರು. ಜೀಬ್ರಾ ಈಗ ಆ ಗುಂಪಿನಲ್ಲಿದೆ. ಪುಸ್ತಕದಲ್ಲಿ ಎರಡೂ ಹೆಸರು ಕಂಡರೆ ಗಾಬರಿ ಬೇಡ. ಮನೆಯಲ್ಲಿ ನಾವು ಹಳೆ ಹೆಸರಲ್ಲೇ ಕರೆಯುತ್ತೇವೆ.

ಇನ್ನು ಗಾತ್ರ. ಬಲಿತ ಅಟೆನುವಾಟಾದ ಒಂದು ತಲೆ 10ರಿಂದ 15 ಸೆಂ.ಮೀ. ಒಳಗೇ ನಿಲ್ಲುತ್ತದೆ, ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಎಲೆಯ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಗೀರಿನ ಹಾಗೆ ಅಡ್ಡ ಏಣು ಇರುವ ಲಿಮಿಫೋಲಿಯಾ 10-12 ಸೆಂ.ಮೀ. ಆಗುತ್ತದೆ. ಗಾಜಿನ ಗೋಲಿ ತುಂಬಿಟ್ಟ ಹಾಗೆ ಕಾಣುವ, ತುದಿ ಪಾರದರ್ಶಕವಾಗಿರುವ ಕೂಪರಿ ಇನ್ನೂ ಸಣ್ಣದು, 5ರಿಂದ 8 ಸೆಂ.ಮೀ. ಇವೆಲ್ಲ ಒಂದೊಂದು ತಲೆಯ ಲೆಕ್ಕ. ಗಿಡ ಪಕ್ಕದಲ್ಲಿ ಮರಿ ಹಾಕುತ್ತಾ ಹೋಗುತ್ತದೆ, ಮರಿಗಳನ್ನೆಲ್ಲ ಬಿಟ್ಟರೆ ಗುಂಪು ತಟ್ಟೆಯಷ್ಟು ಅಗಲ ಆಗಬಹುದು. ಯಾರಾದರೂ 'ನಮ್ಮದು ಒಂದಡಿ ಇದೆ' ಅಂದರೆ ಅವರು ಹೇಳುತ್ತಿರೋದು ಗುಂಪಿನ ಅಳತೆ.

ಹಂತ 2: ಅಳೆಯೋದು ಹೇಗೆ

ಎತ್ತರ ಅಳೆಯಬೇಡಿ. ಅದರಿಂದ ಏನೂ ಗೊತ್ತಾಗೋದಿಲ್ಲ. ಈ ಗಿಡ ನಡುವಿನಿಂದ ಹುಟ್ಟಿ ಹೊರಗಿನಿಂದ ಒಣಗುತ್ತದೆ. ಸುಳಿಯಲ್ಲಿ ಹೊಸ ಎಲೆ ಬರುತ್ತಿರುವಾಗಲೇ ಬುಡದ ಹಳೆ ಎಲೆ ಕಾಗದದ ಹಾಗೆ ಸುಕ್ಕಾಗಿ ಬೀಳುತ್ತದೆ. ಅದಕ್ಕೇ ಅಕ್ಕನ ಕಣ್ಣಿಗೆ ಅದು ಪ್ಲಾಸ್ಟಿಕ್ ಥರ ಕಂಡಿದ್ದು.

ನಾನು ಮಾಡೋದು ಇಷ್ಟು. ಸುಳಿಯಲ್ಲಿ ಆಗ ತಾನೇ ಬಿಚ್ಚಿದ ಎಲೆಯ ತುದಿಗೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತೇನೆ. ವರ್ಷ ಬಿಟ್ಟು ಆ ಚುಕ್ಕೆಯ ಒಳಗೆ ಎಷ್ಟು ಎಲೆ ಇವೆ ಅಂತ ಎಣಿಸುತ್ತೇನೆ. ಒಂದು ವರ್ಷ ಏಳು ಹೊಸ ಎಲೆ ಬಂದಿದ್ದವು, ಐದು ಒಣಗಿ ಬಿದ್ದಿದ್ದವು. ಅಡ್ಡಳತೆ ಹೆಚ್ಚಿದ್ದು ಮಾತ್ರ ಒಂದು ಸೆಂ.ಮೀ. ಗಿಡ ಸುಮ್ನೆ ಕೂತಿರಲಿಲ್ಲ ಅಂತ ಆವಾಗ ಗೊತ್ತಾಯಿತು.

ಅಡ್ಡಳತೆಗೆ ಮಕ್ಕಳ ಸ್ಕೇಲ್ ಸಾಕು. ಅತೀ ಅಗಲ ಇರುವ ಕಡೆ ಎಲೆ ತುದಿಯಿಂದ ಎಲೆ ತುದಿಗೆ ಹಿಡಿಯಿರಿ. ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ನೀರು ಹಾಕಿ ಎರಡು ದಿನದ ನಂತರ. ಬಾಯಾರಿದ ಗಿಡ ಎಲೆ ಒಳಗೆ ಮಡಚಿಕೊಂಡು ಒಂದು ಸೆಂ.ಮೀ. ಸಣ್ಣದಾಗಿ ಕಾಣುತ್ತದೆ.

ಮರಿಯಿಂದ ಶುರು ಮಾಡಿದರೆ ಬಲಿತ ಗಿಡ ಅನ್ನಿಸಿಕೊಳ್ಳಲು ಮೂರರಿಂದ ಐದು ವರ್ಷ ಇಟ್ಟುಕೊಳ್ಳಿ. ಬಲಿತದ್ದಕ್ಕೆ ಒಂದು ಗುರುತು ಹೂವಿನ ಕಡ್ಡಿ. ಅಂಗೈಯಷ್ಟು ಗಿಡದಿಂದ ಒಂದಡಿ ಉದ್ದದ ತೆಳು ಕಡ್ಡಿ ಬಂದು, ತುದಿಯಲ್ಲಿ ಸಣ್ಣ ಸಣ್ಣ ಬಿಳಿ ಹೂ ಬಿಡುತ್ತದೆ. ಚಂದ ಏನೂ ಇಲ್ಲ. ಬಾಳೆಯ ಹಾಗೆ ಗೊನೆ ಬಿಟ್ಟ ಮೇಲೆ ಸಾಯುವ ಗಿಡ ಇದಲ್ಲ, ಹೆದರಬೇಡಿ. ಕಡ್ಡಿ ಒಣಗಿದ ಮೇಲೆ ಮೆಲ್ಲ ಎಳೆದರೆ ಕೈಗೆ ಬರುತ್ತದೆ.

ಹಂತ 3: ಕುಂಡ

ನನ್ನ ಮೊದಲನೇ ಹಾವರ್ಥಿಯಾ 2018ರ ಮಳೆಗಾಲದಲ್ಲಿ ಸತ್ತದ್ದು ಕುಂಡದ ದೆಸೆಯಿಂದ. ಮುಂದೆ ದೊಡ್ಡದಾಗುತ್ತದಲ್ಲ ಅಂತ ತುಳಸಿಗೆ ಹಾಕುವಂಥ ಎಂಟು ಇಂಚಿನ ಕುಂಡ ತಂದೆ. ತೋಟದ ಕೆಂಪು ಮಣ್ಣು ತುಂಬಿದೆ, ಹಟ್ಟಿಗೊಬ್ಬರ ಎರಡು ಮುಷ್ಟಿ ಹಾಕಿದೆ. ನಾವು ಮಲೆನಾಡಿನ ಮನೆಯವರು, ಗೊಬ್ಬರ ಹಾಕದೆ ಗಿಡ ನೆಟ್ಟರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಜುಲೈ ಕೊನೆಗೆ ಒಂದು ದಿನ ಗಿಡ ಸ್ವಲ್ಪ ವಾಲಿದ ಹಾಗೆ ಕಂಡಿತು. ನೆಟ್ಟಗೆ ಮಾಡೋಣ ಅಂತ ಹಿಡಿದರೆ ಇಡೀ ಗಿಡ ಬೇರೇ ಇಲ್ಲದೆ ಕೈಗೆ ಬಂತು. ಬುಡದ ಎಲೆಗಳು ಬೇಯಿಸಿದ ಈರುಳ್ಳಿಯ ಪದರದ ಹಾಗೆ ಒಂದೊಂದೇ ಜಾರಿ ಬಿದ್ದವು. ಮೇಲಿನ ಎಲೆಗಳು ಮಾತ್ರ ಆಗಲೂ ಹಸಿರಾಗೇ ಇದ್ದವು. ಒಳಗೆ ಎಷ್ಟು ದಿನದಿಂದ ಕೊಳೆಯುತ್ತಿತ್ತೋ.

ಕಾರಣ ಇಷ್ಟೇ. ಸಣ್ಣ ಬೇರು ಸ್ವಲ್ಪವೇ ನೀರು ಕುಡಿಯುತ್ತದೆ. ಉಳಿದ ಮಣ್ಣು ವಾರಗಟ್ಟಲೆ ಹಸಿಯಾಗಿರುತ್ತದೆ. ಅದಕ್ಕೇ ಕುಂಡ ಮುಂದಿನ ಗಾತ್ರಕ್ಕಲ್ಲ, ಇವತ್ತಿನ ಗಾತ್ರಕ್ಕೆ ತನ್ನಿ. ಗಿಡದ ಸುತ್ತ ಒಂದೊಂದು ಬೆರಳಿನ ಅಗಲ ಜಾಗ ಇದ್ದರೆ ಸಾಕು. 5 ಸೆಂ.ಮೀ. ಗಿಡಕ್ಕೆ 8 ಸೆಂ.ಮೀ. ಕುಂಡ.

ಕರಾವಳಿಯಲ್ಲಿ ಬಣ್ಣ ಬಳಿಯದ ಮಣ್ಣಿನ ಕುಂಡವೇ ಒಳ್ಳೇದು. ಅದರ ಮೈಯಿಂದಲೂ ನೀರು ಆರುತ್ತದೆ. ಪಿಂಗಾಣಿ ಕಪ್ಪಿನಲ್ಲಿ ಗಿಡ ಚಂದ ಕಾಣುತ್ತದೆ, ಫೋಟೋಕ್ಕೆ ಸರಿ. ತಳದಲ್ಲಿ ತೂತು ಇಲ್ಲದ್ದು ಏನೇ ಆದರೂ ಬೇಡ. ತಳದಲ್ಲಿ ದಪ್ಪ ಕಲ್ಲು ಹಾಕಿದರೆ ತೂತು ಬೇಡ ಅಂತ ಹೇಳುವವರಿದ್ದಾರೆ. ನಂಬಬೇಡಿ. ನೀರು ಆ ಕಲ್ಲಿನ ಕೆಳಗೆ ನಿಂತಿರುತ್ತದೆ ಅಷ್ಟೇ.

ಎರಡು-ಮೂರು ವರ್ಷಕ್ಕೊಮ್ಮೆ ಕುಂಡ ಬದಲಿಸಿ. ಹಾವರ್ಥಿಯಾದ ಹಳೆ ಬೇರುಗಳು ತಾವಾಗೇ ಸತ್ತು ಹೊಸ ಬೇರು ಬರುವ ಕ್ರಮ ಇದೆ. ಆ ಸತ್ತ ಬೇರು ಕುಂಡದಲ್ಲೇ ಉಳಿದರೆ ಕೊಳೆಗೆ ದಾರಿ. ಇನ್ನೊಂದು ವಿಚಿತ್ರ ನೋಡಿ. ಇದರ ದಪ್ಪ ಬೇರುಗಳು ಕುಗ್ಗಿ ಗಿಡವನ್ನು ಕೆಳಗೆ ಎಳೆದುಕೊಳ್ಳುತ್ತವೆ. ಅದರ ತವರಲ್ಲಿ ಬಿಸಿಲು ಜಾಸ್ತಿಯಾದಾಗ ಮಣ್ಣೊಳಗೆ ತಗ್ಗಿಕೊಳ್ಳಲು ಅದಕ್ಕಿರುವ ಉಪಾಯ. ಹಾಗಾಗಿ ಎರಡು ವರ್ಷದ ನಂತರ ಗಿಡ ಮೊದಲಿಗಿಂತ ಗಿಡ್ಡ ಕಂಡರೆ ಅದು ರೋಗ ಅಲ್ಲ.

ಹಂತ 4: ಮಣ್ಣು ಅನ್ನೋ ಮಣ್ಣಲ್ಲದ್ದು

ಪ್ಯಾಕೆಟಿನ 'ಸಕ್ಯುಲೆಂಟ್ ಮಿಕ್ಸ್' ನಮ್ಮ ಮಳೆಗೆ ಸಾಲೋದಿಲ್ಲ. ನಾನು ನೋಡಿದ ಪ್ಯಾಕೆಟುಗಳಲ್ಲಿ ಕೋಕೋಪೀಟೇ (ತೆಂಗಿನ ನಾರಿನ ಪುಡಿ) ಜಾಸ್ತಿ, ಅದು ಜೂನ್‌ನಲ್ಲಿ ಕುಡಿದ ನೀರನ್ನು ಗಣಪತಿ ಹಬ್ಬದವರೆಗೂ ಬಿಡೋದಿಲ್ಲ. ಬೇಕಾದ ಸಾಮಾನೆಲ್ಲ ನಮ್ಮ ಹಿತ್ತಲಲ್ಲೇ ಇದೆ.

ಒಡೆದ ಮಂಗಳೂರು ಹೆಂಚು ಇದ್ದರೆ ಚಿನ್ನ ಸಿಕ್ಕಿದ ಹಾಗೆ. ಗೋಣಿಚೀಲದ ಒಳಗೆ ಹಾಕಿ ಸುತ್ತಿಗೆಯಿಂದ ಕುಟ್ಟಿ. ಗೋಣಿ ಇಲ್ಲದಿದ್ದರೆ ಚೂರು ಕಣ್ಣಿಗೆ ಹಾರುತ್ತದೆ, ಜಾಗ್ರತೆ. ಮೊದಲು ದಪ್ಪ ಜರಡಿ, ಆಮೇಲೆ ಹಿಟ್ಟಿನ ಜರಡಿ. ಹಿಟ್ಟಾಗಿ ಕೆಳಗೆ ಬಿದ್ದದ್ದನ್ನು ಎಸೆಯಿರಿ. ಕಡಲೆಬೇಳೆಯಿಂದ ಹೆಸರುಕಾಳಿನ ನಡುವಿನ ಗಾತ್ರದ್ದು ಬೇಕು. ಹೆಂಚು ಇಲ್ಲದವರು ಗಟ್ಟಿ ಚಿರೇಕಲ್ಲಿನ ಚೂರು ಬಳಸಬಹುದು, ಆದರೆ ಮೆತ್ತನೆ ಕಲ್ಲು ನೀರು ಬಿದ್ದ ಹಾಗೆ ಪುಡಿಯಾಗುತ್ತದೆ.

ಕಾರವಾರಕ್ಕೆ ನನ್ನ ಲೆಕ್ಕ: ಹೆಂಚಿನ ಚೂರು ಎರಡು ಲೋಟ, ದಪ್ಪ ಹೊಳೆ ಮರಳು ಒಂದು ಲೋಟ, ತೆಂಗಿನ ಕರಟದ ಇದ್ದಿಲಿನ ಚೂರು ಅರ್ಧ ಲೋಟ, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಲೋಟ. ಎಲ್ಲವನ್ನೂ ತೊಳೆದು ಒಣಗಿಸಿ ಬೆರೆಸಿ, ಗೊಬ್ಬರ ಮಾತ್ರ ತೊಳೆಯಬೇಡಿ. ಕುಂಡಕ್ಕೆ ತುಂಬಿ ಒಂದು ಲೋಟ ನೀರು ಹೊಯ್ದು ನೋಡಿ. ಮೇಲೆ ನೀರು ನಿಲ್ಲದೆ ಆಗಲೇ ಕೆಳಗೆ ಇಳಿಯಬೇಕು. ಹತ್ತು ಎಣಿಸುವವರೆಗೂ ನಿಂತಿತು ಅಂದರೆ ಇನ್ನೊಂದು ಲೋಟ ಹೆಂಚು ಸೇರಿಸಿ.

ಟಾಗೋರ್ ಕಡಲತೀರಕ್ಕೆ ವಾಕಿಂಗ್ ಹೋದವರಿಗೆ ಒಂದು ಚೀಲ ಮರಳು ತರುವ ಆಸೆ ಬರುತ್ತದೆ. ಬೇಡ. ಸಮುದ್ರದ ಮರಳಲ್ಲಿ ಉಪ್ಪು. ಹತ್ತು ಸಲ ತೊಳೆದು ಉಪ್ಪು ಹೋದರೂ ಆ ಮರಳು ಸಣ್ಣ, ಕುಂಡದಲ್ಲಿ ಸಿಮೆಂಟಿನ ಹಾಗೆ ಕೂತುಬಿಡುತ್ತದೆ.

ಹಂತ 5: ಬೆಳಕು

ಗಾತ್ರದ ಬಗ್ಗೆ ಕೇಳುವವರು ಗೊಬ್ಬರದ ಬಗ್ಗೆ ಕೇಳುತ್ತಾರೆ. ಕೇಳಬೇಕಾದದ್ದು ಬೆಳಕಿನ ಬಗ್ಗೆ.

ಈ ಗಿಡದ ತವರು ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯ. ಅಲ್ಲಿ ಅದು ಪೊದೆಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಅರೆನೆರಳಿನಲ್ಲಿ ಇರುತ್ತದೆ. ಹಾಗಾಗಿ ಸುಡುವ ಬಿಸಿಲೂ ಬೇಡ, ಕತ್ತಲೆ ಮೂಲೆಯೂ ಬೇಡ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೇದು. ಬೆಳಿಗ್ಗೆಯ ಎರಡು-ಮೂರು ಗಂಟೆ ಎಳೆ ಬಿಸಿಲು, ಆಮೇಲೆ ಬರೀ ಬೆಳಕು. ಕಾರವಾರದಲ್ಲಿ ಎಲ್ಲರಿಗೂ ಸಮುದ್ರದ ಕಡೆಯ ಕಿಟಕಿ ಇಷ್ಟ, ಅದು ಪಶ್ಚಿಮ. ಮಾರ್ಚ್ ನಂತರ ಮಧ್ಯಾಹ್ನದ ಬಿಸಿಲು ಅಲ್ಲಿ ನೇರ ಬೀಳುತ್ತದೆ. ನನ್ನ ಗಿಡ ಅಲ್ಲಿ ಹದಿನೈದು ದಿನದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಕೆಂಪಾದ ಗಿಡ ಸತ್ತಿರೋದಿಲ್ಲ, ಹಿಂದಕ್ಕೆ ಎಳೆದಿಟ್ಟರೆ ಕೆಲವು ವಾರದಲ್ಲಿ ಹಸಿರಾಗುತ್ತದೆ. ಆದರೆ ಸುಟ್ಟು ಬೆಳ್ಳಗಾದ ಕಲೆ ಹೋಗೋದಿಲ್ಲ.

ಬೆಳಕು ಕಡಿಮೆಯಾದರೆ ಬೇರೆ ಕತೆ. ಎಲೆಗಳು ಉದ್ದ, ತೆಳು ಆಗಿ ಹೊರಗೆ ಚಾಚುತ್ತವೆ. ಬಿಗಿಯಾಗಿದ್ದ ಸುಳಿ ಬಿಚ್ಚಿಕೊಂಡು ನಡುವೆ ಸಂದಿ ಕಾಣುತ್ತದೆ. 'ಅಬ್ಬಾ, ಎಷ್ಟು ಬೆಳೆಯಿತು' ಅಂತ ಫೋಟೋ ತೆಗೆಯೋದು ಇದೇ ಹೊತ್ತಿನಲ್ಲಿ. ಹೀಗೆ ಚಾಚಿದ ಎಲೆ ವಾಪಸ್ಸು ಗಿಡ್ಡ ಆಗೋದಿಲ್ಲ. ಒಳ್ಳೆ ಬೆಳಕಿನಲ್ಲಿ ಹೊಸ ಎಲೆ ಬಿಗಿಯಾಗಿ ಬಂದು, ಹಳೆದು ಒಣಗಿ ಬೀಳುವವರೆಗೆ ಎರಡು ವರ್ಷ ಕಾಯಬೇಕು.

ಜುಲೈನ ಕಪ್ಪು ಮೋಡದಲ್ಲಿ ಕಿಟಕಿಯ ಬೆಳಕು ಸಾಲೋದೇ ಇಲ್ಲ. ಆ ಎರಡು-ಮೂರು ತಿಂಗಳು ಓದುವ ದೀಪಕ್ಕೆ ಸಾದಾ 9 ವ್ಯಾಟ್ ಬಿಳಿ ಎಲ್‌ಇಡಿ ಬಲ್ಬ್ ಹಾಕಿ, ಗಿಡದಿಂದ ಒಂದು ಗೇಣು ಮೇಲೆ ಇಟ್ಟು, ದಿನಕ್ಕೆ ಹತ್ತು-ಹನ್ನೆರಡು ಗಂಟೆ ಉರಿಸುತ್ತೇನೆ. ಕರೆಂಟ್ ಇದ್ದರೆ.

ಹಂತ 6: ನೀರು, ಮಳೆ ನಕ್ಷತ್ರ ನೋಡಿಕೊಂಡು

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಿಡ ಮನೆಯೊಳಗಿದ್ದರೂ ಈ ತೇವ ಬಿಡೋದಿಲ್ಲ. ಬೀರುವಿನೊಳಗಿನ ಚಪ್ಪಲಿಗೇ ಬೂಷ್ಟು ಬರುವ ಊರು ಇದು.

ಇನ್ನೊಂದು ವಿಷಯ ಗೊತ್ತಿರಲಿ. ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆಯುತ್ತವೆ. ಹಾವರ್ಥಿಯಾ ನೀರು ಉಳಿಸಲು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ತಂಪು ರಾತ್ರಿ ಇದ್ದರೆ ಈ ಕೆಲಸ ಸಲೀಸು. ಸಮುದ್ರದ ಬದಿಯ ನಮ್ಮ ರಾತ್ರಿಗಳು ಬೆಚ್ಚಗೆ, ಜಿಗುಟು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್‌ನಲ್ಲಿ ಕಂಬಳಿ ಬೇಕು.

ಇದರ ವ್ಯತ್ಯಾಸ ಕಣ್ಣಾರೆ ನೋಡಿದ್ದೇನೆ. 2021ರಲ್ಲಿ ಒಂದೇ ತಾಯಿಯ ಎರಡು ಮರಿ ಬಿಡಿಸಿ ಒಂದನ್ನು ಇಲ್ಲೇ ಇಟ್ಟೆ, ಒಂದನ್ನು ಅಕ್ಕನಿಗೆ ಕೊಟ್ಟೆ. ಮೂರು ವರ್ಷದ ನಂತರ ದೀಪಾವಳಿಗೆ ಹೋದಾಗ ನನ್ನದನ್ನೂ ಒಯ್ದು ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟೆವು. ನನ್ನದು 8 ಸೆಂ.ಮೀ., ಅವಳದು 7. ಆದರೆ ಅವಳದು ಮುಚ್ಚಿದ ಮುಷ್ಟಿಯ ಹಾಗೆ ಬಿಗಿ, ಬಿಳಿ ಪಟ್ಟಿ ಒತ್ತೊತ್ತಾಗಿ, ಬುಡದಲ್ಲಿ ಮೂರು ಮರಿ. ನನ್ನದು ಬಿಚ್ಚಿದ ಅಂಗೈ, ಮರಿ ಒಂದೂ ಇಲ್ಲ. "ಹಾಂಗಾರೆ ನಿಂದು ದೊಡ್ಡದು, ನಂದು ಚಂದ" ಅಂದಳು ಅಕ್ಕ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಈಗ ನಾನು ಇಟ್ಟುಕೊಂಡಿರುವ ಕ್ರಮ ಹೇಳುತ್ತೇನೆ. ಮೃಗಶಿರಾ ಮಳೆ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರ, ಒಂದು ಸಲ ಪೂರ್ತಿ ನೀರು. ಆಮೇಲೆ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಒಂದು ಸಲವೂ ಬೇಕಾಗದೆ ಇರಬಹುದು. ಎಲೆ ಒಳಗೆ ಮಡಚಿ, ಮುಟ್ಟಿದರೆ ಮೆತ್ತಗೆ ಅನ್ನಿಸಿದರೆ ಮಾತ್ರ ನಾಲ್ಕು ಚಮಚ ಬುಡಕ್ಕೆ. ಮಳೆ ನಿಂತು ಬಿಸಿಲು ಬಂದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಗಿಡದ ಬೆಳೆಯುವ ಕಾಲ. ಆಗ ಕಾರವಾರದಲ್ಲಿ ಹತ್ತು-ಹನ್ನೆರಡು ದಿನಕ್ಕೊಮ್ಮೆ, ಶಿರಸಿಯಲ್ಲಿ ಎರಡು ವಾರಕ್ಕೊಮ್ಮೆ ತಳದಿಂದ ಹರಿದುಹೋಗುವಷ್ಟು ಹಾಕಿ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಜನ ಪಾಪ ಅಂತ ಜಾಸ್ತಿ ನೀರು ಹಾಕುತ್ತಾರೆ. ತಪ್ಪು. ಆ ಸೆಕೆಗೆ ಗಿಡ ನಿದ್ದೆ ಮಾಡುತ್ತಿರುತ್ತದೆ, ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ ಸಾಕು, ಅದೂ ಸಂಜೆ.

ದಿನ ಎಣಿಸೋದಕ್ಕಿಂತ ತೆಂಗಿನ ಕಡ್ಡಿ ನಂಬಿ. ಕುಂಡದ ತಳದವರೆಗೆ ಚುಚ್ಚಿ ಎರಡು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತಣ್ಣಗೆ, ಕಪ್ಪಗೆ ಬಂದರೆ ನೀರು ಬೇಡ. ಸುಳಿಯೊಳಗೆ ನೀರು ನಿಲ್ಲಲು ಬಿಡಬೇಡಿ, ನಿಂತರೆ ಊದಿ ತೆಗೆಯಿರಿ. ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಗಂಟೆ ಫ್ಯಾನ್ ಗಾಳಿ ಸಿಕ್ಕರೆ ಬಹಳ ಒಳ್ಳೇದು.

ಹಂತ 7: ಗೊಬ್ಬರ

ನವೆಂಬರ್‌ನಲ್ಲಿ ಒಂದು ಸಲ, ಜನವರಿಯಲ್ಲಿ ಒಂದು ಸಲ. ದ್ರವ ಗೊಬ್ಬರವನ್ನು ಡಬ್ಬಿಯ ಮೇಲೆ ಬರೆದದ್ದರ ಕಾಲು ಭಾಗಕ್ಕೆ ತೆಳು ಮಾಡಿ. ಸಗಣಿ ನೀರು, ಗೋಮೂತ್ರ, ಶೇಂಗಾ ಹಿಂಡಿ ಇವೆಲ್ಲ ಅಡಿಕೆ ಮರಕ್ಕೆ ಇರಲಿ.

ಹಂತ 8: ಕೊಳೆತರೆ, ಹುಳ ಬಿದ್ದರೆ

ವಾರಕ್ಕೊಮ್ಮೆ ಗಿಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲ ಅಲ್ಲಾಡಿಸಿ. ಗಟ್ಟಿ ಇದ್ದರೆ ಬೇರು ಇದೆ. ಕುಂಡದಲ್ಲಿ ತಿರುಗಿದರೆ ಆಗಲೇ ಕೀಳಿ, ನಾಳೆ ನೋಡೋಣ ಅನ್ನಬೇಡಿ. ಕೊಳೆತ ಎಲೆ ಕಿತ್ತು, ಕಾಂಡವನ್ನು ಚಾಕುವಿನಿಂದ ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ. ಕಂದು ಬಣ್ಣ ಪೂರ್ತಿ ಹೋಗಿ ಸ್ವಚ್ಛ ಬಿಳಿ-ಹಸಿರು ಕಾಣುವವರೆಗೆ. ಪ್ರತಿ ಸಲ ಚಾಕು ಒರೆಸಿ. ಆಮೇಲೆ ಐದಾರು ದಿನ ನೆರಳಲ್ಲಿ ಗಾಯ ಒಣಗಬೇಕು. ಮಳೆಗಾಲದಲ್ಲಿ ನನಗೆ ಸಿಕ್ಕ ಒಣ ಜಾಗ ಫ್ರಿಜ್ಜಿನ ತಲೆ ಮೇಲೆ. ಒಣಗಿದ ಮೇಲೆ ಒಣ ಮಿಶ್ರಣದ ಮೇಲೆ ಸುಮ್ನೆ ಕೂರಿಸಿ. ಮೂರರಿಂದ ಆರು ವಾರದಲ್ಲಿ ಹೊಸ ಬೇರು ಬರುತ್ತದೆ. ಬೇರು ಬರುವವರೆಗೆ ನೀರು ಹಾಕುವ ಕೈ ಕಟ್ಟಿಕೊಳ್ಳಿ.

ಎಲೆ ಬುಡದ ಸಂದಿಯಲ್ಲಿ ಹತ್ತಿಯ ಹಾಗೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೂ ಮುಟ್ಟಿ. ವಾರಕ್ಕೊಮ್ಮೆ, ಮೂರು ವಾರ. ಜೀಬ್ರಾದ ಬಿಳಿ ಗುಳ್ಳೆಯನ್ನೇ ಹುಳ ಅಂತ ಉಜ್ಜಿದವರೂ ಇದ್ದಾರೆ. ಅದರಲ್ಲಿ ನಾನೂ ಒಬ್ಬಳು.

ಹಂತ 9: ಮರಿ ಬಿಡಿಸೋದು

ಬಾಳೆ ಹಿಳ್ಳು ಕೀಳುವ ಕೈಗೆ ಇದು ಕಷ್ಟ ಅಲ್ಲ. ಮರಿ ತಾಯಿಯ ಮೂರನೇ ಒಂದು ಭಾಗದಷ್ಟಾದ ಮೇಲೆ, ಅದಕ್ಕೆ ಸ್ವಂತ ಬೇರು ಬಂದ ಮೇಲೆ ಬಿಡಿಸಿ. ಸಮಯ ಅಕ್ಟೋಬರ್ ಅಥವಾ ನವೆಂಬರ್. ಕುಂಡದಿಂದ ಇಡೀ ಗಿಡ ಹೊರತೆಗೆದು, ಮಣ್ಣು ಉದುರಿಸಿ, ಮರಿಯ ಬುಡ ಹಿಡಿದು ಪಕ್ಕಕ್ಕೆ ತಿರುಚಿದರೆ ಚಟ್ ಅಂತ ಬರುತ್ತದೆ. ಬರದಿದ್ದರೆ ಚಾಕು. ಎರಡು-ಮೂರು ದಿನ ಗಾಯ ಆರಲು ಬಿಟ್ಟು ನೆಡಿ. ತಾಯಿ ಗಿಡದ ಅಗಲ ಹೆಚ್ಚಬೇಕು ಅಂತ ಆಸೆ ಇದ್ದರೆ ಮರಿ ಬಿಡಿಸಿ, ಗುಂಪಾಗಿ ಕಾಣಬೇಕು ಅಂದರೆ ಬಿಡಿ. ನನಗೆ ಗುಂಪೇ ಇಷ್ಟ, ಆದರೆ ಕಾರವಾರದಲ್ಲಿ ಗುಂಪಿನ ನಡುವೆ ಗಾಳಿ ಆಡದೆ ಕೊಳೆ ಬರುತ್ತದೆ ಅಂತ ಬಿಡಿಸುತ್ತೇನೆ.

ಬಸ್ಸಿನಲ್ಲಿ ಒಯ್ಯುವುದಾದರೆ ನಾಲ್ಕು ದಿನ ಮೊದಲೇ ನೀರು ನಿಲ್ಲಿಸಿ. ಕುಂಡ ಬೇಡ, ಬೇರಿನ ಸಮೇತ ಗಿಡವನ್ನು ಒಣ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರುತ್ತದೆ. ಅಕ್ಕ ಈ ಸಲ ಹೋಗುವಾಗ ಎರಡು ಮರಿಯನ್ನು ಹಾಗೇ ಪೇಪರಿನಲ್ಲಿ ಸುತ್ತಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ದೇವಿಮನೆ ಘಾಟಿನ ತಿರುವುಗಳನ್ನೆಲ್ಲ ದಾಟಿ ಮನೆ ಸೇರಿದವಳು ರಾತ್ರಿ ಫೋನ್ ಮಾಡಿದಳು. "ಎರಡೂ ಸರಿ ಇದ್ದ. ಒಂದಕ್ಕೆ ಚುಕ್ಕೆ ಇಟ್ಟಿದ್ದೆ ನೋಡು."